ಕುಂಕುಮ ಹಚ್ಚಿದ ಸ್ಕೇಲು

2003ರಲ್ಲಿ ನಾನು ಹೈದರಾಬಾದಿನ ಮಾಧಾಪುರದಲ್ಲಿ ಒಂದು ಇಂಟೀರಿಯರ್ ಸಂಸ್ಥೆಯ ಸೈಟ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೂ ಎರಡು ವರ್ಷ ಮೊದಲು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. ಗದಗಿನ ಕಡೆಯಿಂದ ಐ.ಟಿ.ಐ. ಸರ್ಟಿಫಿಕೇಟ್ ಹಿಡಿದು ಬಂದವನು ಆ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದು ಫೋರ್‌ಮನ್ ಆಗಿ ಹೊರಬಿದ್ದೆ. ಮನೆಯಲ್ಲಿ ಕೂತು ಪೇಪರ್ ಓದುವ ಸ್ವಭಾವ ನನ್ನದಲ್ಲ. ಆಗ ಮಾಧಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಒಳಗೆ ಮರಗೆಲಸ ಮಾಡಿಸುವವರು ಬೇಕಾಗಿದ್ದರು. ನಮ್ಮ ಮಾಲೀಕರು ಹೋದಲ್ಲೆಲ್ಲ ನನ್ನನ್ನು ಒಂದೇ ಮಾತಿನಲ್ಲಿ ಪರಿಚಯಿಸುತ್ತಿದ್ದರು: ಇವರು ಬಡಿಗೇರ್ ಸಾಬ್, ಇವರ ಅಳತೆ ತಪ್ಪಿದ್ದೇ ಇಲ್ಲ. ನಾನು ಹಾಗೇನಿಲ್ಲ ಎಂಬಂತೆ ಕೈ ಆಡಿಸುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ಪ್ಯಾಟರ್ನ್ ಶಾಪ್ ಎಂದರೇನೆಂದು ಮೊದಲೇ ಸ್ವಲ್ಪ ಹೇಳಿಬಿಡಬೇಕು, ಯಾಕೆಂದರೆ ನನ್ನ ತಪ್ಪು ಅಲ್ಲಿಂದಲೇ ಬಂತು. ಉಕ್ಕಿನ ಎರಕ ಹೊಯ್ಯುವ ಮೊದಲು ಅದೇ ಆಕಾರದ ಮಾದರಿಯೊಂದನ್ನು ಮರದಲ್ಲಿ ಮಾಡುತ್ತಾರೆ. ಅದೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಆ ಅಚ್ಚಿನೊಳಗೆ ಕರಗಿದ ಉಕ್ಕು ಸುರಿಯುತ್ತಾರೆ. ಉಕ್ಕು ಆರುತ್ತ ಕುಗ್ಗುತ್ತದೆ, ನೂರು ಮಿಲಿಮೀಟರಿಗೆ ಸುಮಾರು ಎರಡು ಮಿಲಿಮೀಟರ್. ಹಾಗಾಗಿ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ನಮಗೆ ಬೇರೆಯೇ ಒಂದು ಸ್ಕೇಲ್ ಇರುತ್ತದೆ. ಹೆಸರು ಕಾಂಟ್ರಾಕ್ಷನ್ ಸ್ಕೇಲ್. ನೋಡಲು ಸಾಮಾನ್ಯ ಸ್ಟೀಲ್ ಸ್ಕೇಲಿನ ಹಾಗೆಯೇ ಇರುತ್ತದೆ, ಆದರೆ ಅದರ ಮೇಲೆ ನೂರು ಎಂದು ಬರೆದ ಕಡೆ ನಿಜದಲ್ಲಿ ನೂರಾ ಎರಡು. ಗುರುತಿಗೆಂದು ಒಂದು ತುದಿಯಲ್ಲಿ ಸಣ್ಣದಾಗಿ '1:50' ಎಂದು ಕೊರೆದಿರುತ್ತಾರೆ, ಅಷ್ಟೇ.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಮರದ ಮೇಲೆ ಗೆರೆ ಹಾಕಿದವನು ಪ್ಯಾಟರ್ನಿನ ಅಡಿಭಾಗದಲ್ಲಿ ತನ್ನ ನಂಬರನ್ನು ಪಂಚ್ ಮಾಡಬೇಕು. ಕತ್ತರಿಸಿದವನು ಬೇರೆ ಇರಬಹುದು, ಉಜ್ಜಿದವನು ಬೇರೆ ಇರಬಹುದು. ನಾಳೆ ಎರಕ ಕೆಟ್ಟರೆ ಕರೆಸಿ ಕೇಳುವುದು ಗೆರೆ ಹಾಕಿದವನನ್ನೇ. ನನ್ನ ನಂಬರು ಹದಿನೇಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಹದಿನೇಳನೇ ನಂಬರಿನ ಪ್ಯಾಟರ್ನ್ ಒಂದೂ ಅಳತೆಯ ದೋಷಕ್ಕಾಗಿ ವಾಪಸ್ ಬರಲಿಲ್ಲ. ನಿವೃತ್ತಿಯ ದಿನ ಶಾಪಿನ ಗೆಳೆಯರು ಒಂದು ಮೀಟರಿನ ಹೊಸ ಕಾಂಟ್ರಾಕ್ಷನ್ ಸ್ಕೇಲ್ ತಂದು ಉಡುಗೊರೆ ಕೊಟ್ಟರು. ಅದು ನಮ್ಮ ಮನೆಯ ಶೋಕೇಸಿನಲ್ಲಿ, ಮಗಳ ಮದುವೆಯ ಫೋಟೋದ ಹಿಂದೆ ಇರುತ್ತಿತ್ತು. ಹೊರಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮಾತ್ರ.

ಶರಣಪ್ಪ ನನ್ನ ಸೈಟಿನ ಬಡಗಿ. ಯಾದಗಿರಿ ಕಡೆಯವನು, ನಲವತ್ತರ ಆಸುಪಾಸು. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ತಗಡಿನ ಕೋಣೆಯೊಂದರಲ್ಲಿ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಅವನ ಊರಿನವರೆಲ್ಲ ಇಲ್ಲಿ ಕಲ್ಲು, ಮಣ್ಣು ಹೊರಲು ಬಂದವರು. ಅವರ ನಡುವೆ ಇವನೊಬ್ಬ ಉಳಿ ಹಿಡಿದಿದ್ದ. ಮೊದಲ ಸಲ ನಾನು ಅವನನ್ನು ಕಂಡದ್ದು ಅಡ್ಡಾದಲ್ಲಿ, ಅಂದರೆ ದಿನಗೂಲಿಯವರು ಬೆಳಿಗ್ಗೆ ನಿಂತು ಕೆಲಸಕ್ಕೆ ಕರೆಯುವವರನ್ನು ಕಾಯುವ ರಸ್ತೆ ತಿರುವಿನಲ್ಲಿ. ಕನ್ನಡ ಕೇಳಿ ಕರೆದುಕೊಂಡು ಬಂದೆ. ಬಾಗಿಲ ಚೌಕಟ್ಟಿನ ಮೂಲೆ ಜೋಡಿಸಿದನೆಂದರೆ ಕಾಗದದ ಚೂರೂ ಒಳಗೆ ಹೋಗುತ್ತಿರಲಿಲ್ಲ. ಮಾಲೀಕರು ದೀಪಾವಳಿಯಿಂದ ಅವನನ್ನು ಖಾಯಂ ಮಾಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಖಾಯಂ ಆದರೆ ಅವನಿಗೆ ಅಡ್ಡಾದಲ್ಲಿ ನಿಲ್ಲುವುದು ತಪ್ಪುತ್ತಿತ್ತು. ಅವನ ದೊಡ್ಡ ಮಗಳು ಶಾಲೆಯಲ್ಲಿ ಅಪ್ಪನ ಉದ್ಯೋಗ ಕೇಳಿದರೆ ಕೂಲಿ ಎನ್ನುವ ಬದಲು ಕಂಪನಿ ಕಾರ್ಪೆಂಟರ್ ಎನ್ನಬಹುದಿತ್ತು. ಈ ಮಾತನ್ನು ಅವನೇ ನನಗೆ ಎರಡು ಮೂರು ಸಲ ಹೇಳಿದ್ದ.

ಆ ಸೆಪ್ಟೆಂಬರಿನ ಕೊನೆಗೆ ನಮಗೊಂದು ವಿಚಿತ್ರ ಕೆಲಸ ಬಂತು. ನಾವು ಒಳಾಂಗಣ ಮಾಡಿಕೊಡುತ್ತಿದ್ದ ಸಾಫ್ಟ್‌ವೇರ್ ಆಫೀಸಿನ ಮುಖ್ಯಸ್ಥರು ಹಳೆಯ ವಿಡಿಯೋ ಗೇಮ್ ಯಂತ್ರವೊಂದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಆಳೆತ್ತರದ ಮರದ ಪೆಟ್ಟಿಗೆ, ಒಳಗೆ ಟಿ.ವಿ.ಯಂಥ ಪರದೆ, ಮುಂದೆ ಗುಂಡಿಗಳು ಮತ್ತು ಜಾಯ್‌ಸ್ಟಿಕ್, ಕೆಳಗೆ ನಾಣ್ಯ ಹಾಕುವ ಕಿಂಡಿ. ಸಿಕಂದರಾಬಾದಿನ ಪಾರ್ಲರ್ ಒಂದರಲ್ಲಿ ಅವರು ಶಾಲೆ ತಪ್ಪಿಸಿ ಆಡುತ್ತಿದ್ದುದು ಇದೇ ಯಂತ್ರವಂತೆ. ಪಾರ್ಲರ್ ಮುಚ್ಚಿ, ಯಂತ್ರ ಯಾರದೋ ಗೋದಾಮಿನಲ್ಲಿ ಬಿದ್ದಿತ್ತು. ಹುಡುಕಿಸಿ ತಂದಿದ್ದರು. ಜಾಯ್‌ಸ್ಟಿಕ್ಕಿನ ಪಕ್ಕದಲ್ಲಿ ತಾವು ಕೈವಾರದಿಂದ ಕೆತ್ತಿದ ಎರಡು ಅಕ್ಷರ ತೋರಿಸಿ, ಅಷ್ಟು ದೊಡ್ಡ ಮನುಷ್ಯ ಹುಡುಗರ ಹಾಗೆ ನಕ್ಕರು. ದಸರೆ ಮುಗಿದ ಎರಡನೇ ದಿನಕ್ಕೆ ಹೊರದೇಶದಿಂದ ಅವರ ಮೇಲಿನವರು ಬರುವವರಿದ್ದರು. ಅಷ್ಟರಲ್ಲಿ ಇದು ಮನರಂಜನೆ ಕೋಣೆಯಲ್ಲಿ ನಿಂತು ಆಡುವಂತಿರಬೇಕು ಎಂದರು.

ಪೆಟ್ಟಿಗೆಯ ಸ್ಥಿತಿ ಕೆಟ್ಟಿತ್ತು. ಎಡಮಗ್ಗುಲ ಹಲಗೆಯನ್ನು ಕೆಳಗಿನಿಂದ ಮೊಣಕಾಲೆತ್ತರದವರೆಗೆ ಗೆದ್ದಲು ತಿಂದಿತ್ತು. ಎರಡು ಮಗ್ಗುಲುಗಳನ್ನು ಹಿಡಿದಿಡುವ ನಾಲ್ಕು ಅಡ್ಡಪಟ್ಟಿಗಳಲ್ಲಿ ಎರಡು ಮುರಿದಿದ್ದವು, ಉಳಿದೆರಡರ ತುದಿ ಕೊಳೆತಿತ್ತು. ಪರದೆಯ ಪಿಕ್ಚರ್ ಟ್ಯೂಬ್ ಮಾತ್ರ ಪುಣ್ಯಕ್ಕೆ ಚೆನ್ನಾಗಿತ್ತು. ಟ್ಯೂಬನ್ನು ಕಬ್ಬಿಣದ ಫ್ರೇಮಿನಲ್ಲಿ ಕೂರಿಸಿದ್ದರು. ಫ್ರೇಮಿನ ಎರಡು ಕಿವಿಗಳು ಎರಡು ಮಗ್ಗುಲಿಗೆ ಹೊಡೆದ ಆಸರೆ ಪಟ್ಟಿಗಳ ಮೇಲೆ ಕೂರುತ್ತಿದ್ದವು. ಅಂಥ ಟ್ಯೂಬ್ ಈಗ ಎಲ್ಲೂ ಸಿಗುವುದಿಲ್ಲ, ಜೋಪಾನ ಎಂದು ಮುಖ್ಯಸ್ಥರು ಮತ್ತೆ ಮತ್ತೆ ಹೇಳಿದರು. ನಾನು ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಕಾರ್ಖಾನೆ ಕಾಲದ ನನ್ನ ದಿನನಿತ್ಯದ ಮೀಟರ್ ಸ್ಕೇಲಿನಿಂದ ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಳ ಅಗಲ 620 ಮಿಲಿಮೀಟರ್. ಅಷ್ಟರಲ್ಲಿ ಹಬ್ಬದ ರಜೆ ಬಂತು.

ಆಯುಧಪೂಜೆಯ ದಿನ ಶರಣಪ್ಪ ತನ್ನ ಹತಾರಗಳ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಬಾಗಿಲ ಹೊರಗೇ ನಿಂತು ನನ್ನ ಹೆಂಡತಿ ಸುಮಂಗಲಾಳನ್ನು ಕೇಳಿದ:

"ಅಕ್ಕಾರ, ನಮ್ಮ ಖೋಲಿಯೊಳಗ ಜಾಗಾ ಇಲ್ರಿ. ಸರ್ ಅವರ ಹತ್ಯಾರದ ಬಾಜೂಕ ನನ್ನವೂ ಇಡ್ಲೇನ್ರಿ?"

ಅವಳು ಒಳಗೆ ಕರೆದು, ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿ, ಅವನ ಉಳಿ, ಗರಗಸ, ಕೊಡತಿಗಳನ್ನೂ ನನ್ನ ಸಾಮಾನನ್ನೂ ಒಂದೇ ಸಾಲಿನಲ್ಲಿ ಜೋಡಿಸಿದಳು. ಶೋಕೇಸಿನ ಸ್ಕೇಲೂ ಅಲ್ಲಿಗೆ ಬಂತು. ಎಲ್ಲದಕ್ಕೂ ಗಂಧ ಬಳಿದು ಮೇಲೆ ಕುಂಕುಮ ಇಟ್ಟಳು. ಸ್ಕೇಲುಗಳಿಗೆ ಎರಡೂ ತುದಿಗೆ ಧಾರಾಳವಾಗಿಯೇ ಹಚ್ಚಿದಳು. ಶರಣಪ್ಪ ಹೋಳಿಗೆ ಉಂಡು, ಮಕ್ಕಳಿಗೆಂದು ಅವಳು ಕಟ್ಟಿಕೊಟ್ಟದ್ದನ್ನು ತೆಗೆದುಕೊಂಡು ಹೋದ. ಮರುದಿನ ಸಾಲು ಎತ್ತುವಾಗ ನಾನು ಒಂದು ಸ್ಕೇಲನ್ನು ಶೋಕೇಸಿಗೆ ಇಟ್ಟೆ, ಇನ್ನೊಂದನ್ನು ಕೆಲಸದ ಚೀಲಕ್ಕೆ ಹಾಕಿದೆ. ಪೂಜೆಯ ಕುಂಕುಮವನ್ನು ನಮ್ಮಲ್ಲಿ ಒರೆಸುವುದಿಲ್ಲ, ಕೆಲಸ ಮಾಡುತ್ತ ತಾನಾಗಿ ಅಳಿಯಬೇಕು. ಹಾಗಾಗಿ ಯಾವುದು ಯಾವುದೆಂದು ತುದಿ ನೋಡಿ ಖಾತ್ರಿ ಮಾಡಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದರೇ ನನಗೆ ಗೊತ್ತಾಗುತ್ತದೆ ಎಂಬ ಧಿಮಾಕು ಬೇರೆ ಇತ್ತು.

ಹಬ್ಬದ ಮರುದಿನ ಕೆಲಸ ಶುರುವಾಯಿತು. ಮೂರನೇ ಮಹಡಿಯ ಖಾಲಿ ಕೋಣೆಯೊಂದನ್ನು ನಮಗೆ ಬಿಟ್ಟುಕೊಟ್ಟಿದ್ದರು. ಎಡಮಗ್ಗುಲಿಗೆ ಹೊಸ ಪ್ಲೈವುಡ್ ಬೇಕಿತ್ತು. ಶರಣಪ್ಪ ಗಟ್ಟಿಯಿದ್ದ ಬಲಮಗ್ಗುಲನ್ನೇ ಅದರ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದ. ಅದರಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾಲ್ಕು ಅಡ್ಡಪಟ್ಟಿಗಳಿಗೆ ಗೆರೆ ಹಾಕುವ ಕೆಲಸವನ್ನು ನಾನೇ ಇಟ್ಟುಕೊಂಡೆ. ನೋಟ್‌ಬುಕ್ ತೆರೆದು, ಕುಂಕುಮದ ಸ್ಕೇಲ್ ಇಟ್ಟು, 620ಕ್ಕೆ ಚೂಪು ಪೆನ್ಸಿಲಿನಿಂದ ಗೆರೆ ಎಳೆದು ಅವನ ಕೈಗೆ ಕೊಟ್ಟೆ. ಅವನು ಗೆರೆಯ ಮೇಲೇ ಗರಗಸ ನಡೆಸಿದ. ಆಮೇಲೆ ಹೊಸ ಪಟ್ಟಿಯನ್ನು ಎತ್ತಿ, ಮೂಲೆಯಲ್ಲಿದ್ದ ಹಳೆಯ ಪಟ್ಟಿಯ ಪಕ್ಕ ಹಿಡಿದು ಸ್ವಲ್ಪ ಹೊತ್ತು ನೋಡಿದ.

"ಸರ, ಹಳೇದಕ್ಕಿಂತ ಬೆರಳಿನಷ್ಟ ಹೆಚ್ಚ ಆಗೇತ್ರಿ."

"ಹಳೇದರ ತುದಿ ಕೊಳತೈತಿ. ಅದನ್ನೇನ ಅಳೀತಿ?"

ಅವನು ತನ್ನ ಟೇಪ್ ಎಳೆದು ಹೊಸ ಪಟ್ಟಿಗೆ ಹಿಡಿದ. "ಟೇಪಿನಾಗೂ ಆರನೂರಾ ಮೂವತ್ತೆರಡು ಬರಾಕತ್ತೈತ್ರಿ. ನೀವು ಬರದದ್ದು ಆರನೂರಾ ಇಪ್ಪತ್ತಲ್ರಿ?"

ಪಕ್ಕದಲ್ಲಿ ಎಲೆಕ್ಟ್ರಿಷಿಯನ್‌ಗಳು ಇದ್ದರು, ಆಫೀಸಿನ ಒಂದಿಬ್ಬರೂ ನಿಂತು ನೋಡುತ್ತಿದ್ದರು. ಅವರ ಮುಂದೆ ನನ್ನ ಅಳತೆಯನ್ನು ಒಬ್ಬ ಬಡಗಿ ಪ್ರಶ್ನಿಸಿದ್ದನ್ನು ನನಗೆ ಸಹಿಸಲಾಗಲಿಲ್ಲ.

"ನಿನ್ನ ಟೇಪಿನ ಕೊಕ್ಕಿ ಸಡ್ಲ ಆಗೇತಿ. ಬಜಾರದ ಟೇಪ್ ತಂದು ನನಗ ಅಳತಿ ಕಲಸ್ತೀಯೇನು? ಇದು ಫ್ಯಾಕ್ಟರಿ ಸ್ಕೇಲು. ಹೇಳಿದಷ್ಟ ಮಾಡು."

ಶರಣಪ್ಪ ಟೇಪು ಮಡಚಿಟ್ಟು ಮುಂದಿನ ಪಟ್ಟಿ ಕೈಗೆತ್ತಿಕೊಂಡ. ಟೇಪಿನ ಕೊಕ್ಕೆ ಸಡಿಲವಾದರೆ ಒಂದು ಮಿಲಿಮೀಟರ್ ತಪ್ಪಬಹುದು, ಎರಡು ತಪ್ಪಬಹುದು. ಹನ್ನೆರಡು ತಪ್ಪುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇ? 620ಕ್ಕೆ ನೂರಕ್ಕೆ ಎರಡರಂತೆ ಸೇರಿಸಿದರೆ ಎಷ್ಟು ಎಂಬುದನ್ನು ನಾನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದೆ. ಆ ಹೊತ್ತಿನಲ್ಲಿ ಸಿಟ್ಟಿತ್ತು, ಬುದ್ಧಿ ಇರಲಿಲ್ಲ.

ಪೆಟ್ಟಿಗೆ ಜೋಡಿಸಿದ ಮೇಲೆ ಗುಂಡಿಗಳ ಹಲಗೆ ಕೂರಿಸಲು ಹೋದಾಗ ಎರಡು ಕಡೆಯೂ ಸಂದಿ ಬಿತ್ತು. ಆ ಹಲಗೆ ಹಳೆಯದೇ, ಅದರ ಮೇಲೆ ಮುಖ್ಯಸ್ಥರ ಅಕ್ಷರಗಳಿದ್ದವು. ಹಳೆಯ ಹಲಗೆ ಸವೆದಿದೆ ಎಂದೆ. ಜನ ತುಳಿದು ಸವೆಯಲು ಅದೇನು ಮೆಟ್ಟಿಲೇ ಎಂದು ಈಗ ಅನ್ನಿಸುತ್ತದೆ. ಶರಣಪ್ಪ ಹೂಂ ಎಂದು ಎರಡು ಸಣ್ಣ ರೀಪು ಕೆತ್ತಿ ಸಂದಿ ಮುಚ್ಚಿ, ಬಣ್ಣ ಹಚ್ಚಿದ. ಅವನು ಮುಚ್ಚಿದ್ದು ಎಷ್ಟು ಚೆಂದವಿತ್ತೆಂದರೆ ನನ್ನ ತಪ್ಪು ನನಗೇ ಕಾಣದಂತಾಯಿತು.

ಮರುದಿನ ಮಧ್ಯಾಹ್ನ ಅತಿಥಿಗಳು ಬರುವವರಿದ್ದರು. ಬೆಳಿಗ್ಗೆ ಪರದೆಯ ಫ್ರೇಮನ್ನು ಇಬ್ಬರು ಎತ್ತಿ ಒಳಗಿಟ್ಟರು. ಅದರ ಕಿವಿಗಳು ಆಸರೆ ಪಟ್ಟಿಯ ಮೇಲೆ ಹದಿನೈದು ಮಿಲಿಮೀಟರ್ ಕೂರಬೇಕಿತ್ತು. ಒಂದು ಕಡೆ ಸರಿಯಾಗಿ ಕೂರಿಸಿದರೆ ಇನ್ನೊಂದು ಕಡೆ ಮೂರೇ ಮಿಲಿಮೀಟರ್ ಕಚ್ಚುತ್ತಿತ್ತು. ಶರಣಪ್ಪ ಮಂಡಿಯೂರಿ ಕೆಳಗಿನಿಂದ ನೋಡಿ ಎದ್ದ.

"ಇದರ ಮ್ಯಾಲೆ ಭಾರ ನಿಲ್ಲಂಗಿಲ್ರಿ ಸರ. ಒಂದ ತಾಸ ಕೊಡ್ರಿ, ದಪ್ಪನ ಪಟ್ಟಿ ಹೊಡದ ಕೊಡ್ತೀನಿ."

ಒಂದು ತಾಸು ಕೊಟ್ಟಿದ್ದರೆ ಎಲ್ಲ ಉಳಿಯುತ್ತಿತ್ತು. ಕೊಡಲಿಲ್ಲ. ದಪ್ಪ ಪಟ್ಟಿ ಹೊಡೆದರೆ ಯಾಕೆ ಎಂದು ಯಾರಾದರೂ ಕೇಳುತ್ತಾರೆ, ಉತ್ತರ ಹೇಳಬೇಕಾಗುತ್ತದೆ. "ವ್ಯಾಳ್ಯಾ ಇಲ್ಲ. ವಾಷರ್ ಹಾಕಿ ಸ್ಕ್ರೂ ಬಿಗಿ" ಎಂದೆ. ಅವನು ಬಿಗಿದ. ಕರೆಂಟ್ ಕೊಟ್ಟಾಗ ಪರದೆ ಹೊತ್ತಿ, ಬಣ್ಣದ ಚುಕ್ಕೆಗಳು ಓಡಾಡಿ, ಪೆಟ್ಟಿಗೆ ಕಿರುಗುಟ್ಟುವ ಹಾಡು ಹಾಡಿತು. ಮುಖ್ಯಸ್ಥರು ಚಪ್ಪಾಳೆ ತಟ್ಟಿದರು. ನನ್ನ ಕೈ ಕುಲುಕಿದರು, ಶರಣಪ್ಪನ ಕೈಯನ್ನಲ್ಲ.

ಕೋಣೆಯಿಂದ ಮನರಂಜನೆ ಕೋಣೆಗೆ ಸುಮಾರು ನಲವತ್ತು ಹೆಜ್ಜೆ. ಪೆಟ್ಟಿಗೆಯನ್ನು ಟ್ರಾಲಿಯ ಮೇಲೇರಿಸಿ ನಾಲ್ವರು ತಳ್ಳಿದರು. ಕಾರಿಡಾರಿನ ನಡುವೆ ಎರಡು ಟೈಲ್ಸ್ ಸೇರುವಲ್ಲಿ ಚಕ್ರ ಒಮ್ಮೆ ಜಿಗಿಯಿತು. ಒಳಗಿನಿಂದ ಕಟಕ್ ಎಂದು ಸದ್ದು ಬಂತು. ಹಿಂಬದಿಯ ಬಾಗಿಲು ಇನ್ನೂ ಹಾಕಿರಲಿಲ್ಲ. ಶರಣಪ್ಪ ಹಿಂದಿನಿಂದ ಎರಡೂ ಕೈ ಒಳಗೆ ಹಾಕಿ ಫ್ರೇಮನ್ನು ಹಿಡಿಯಲು ನೋಡಿದ. ಭಾರ ನಿಲ್ಲಲಿಲ್ಲ. ಟ್ಯೂಬಿನ ಕೊರಳು ಅಡ್ಡಪಟ್ಟಿಗೆ ಬಡಿದು ಮುರಿಯಿತು. ಸುಸ್ ಎಂದು ಗಾಳಿ ಒಳಗೆಳೆದುಕೊಂಡ ಸದ್ದು ಎಲ್ಲರಿಗೂ ಕೇಳಿಸಿತು, ಅಷ್ಟಕ್ಕೆ ಟ್ಯೂಬಿನ ಕಥೆ ಮುಗಿಯಿತು. ಶರಣಪ್ಪ ಕೈ ಹೊರಗೆಳೆದಾಗ ಬಲ ಅಂಗೈ ಕಬ್ಬಿಣದ ಅಂಚಿಗೆ ಸಿಕ್ಕು ಸೀಳಿತ್ತು. ನಾನು ನನ್ನ ಹೆಗಲ ಮೇಲಿನ ಟವೆಲ್ ಸುತ್ತಿದೆ. ಅವನು "ಗಾಜು ಪೂರಾ ಒಡದಿಲ್ಲಲ್ರಿ?" ಎಂದು ಕೇಳಿದ.

ಅವನನ್ನು ಹತ್ತಿರದ ಕ್ಲಿನಿಕ್ಕಿಗೆ ಕಳಿಸಿ ನಾನು ಮೂರನೇ ಮಹಡಿಯ ಆ ಕೋಣೆಗೆ ಬಂದೆ. ಅವನ ಟೇಪ್ ಅಲ್ಲೇ ಬಿದ್ದಿತ್ತು. ಅದನ್ನು ನನ್ನ ಸ್ಕೇಲಿನ ಮೇಲೆ ಚಾಚಿದೆ. ಸ್ಕೇಲಿನ 620ಕ್ಕೆ ಟೇಪು 632 ತೋರಿಸಿತು. ಎಂಜಲು ಹಚ್ಚಿದ ಬೆರಳಿನಿಂದ ತುದಿಯ ಕುಂಕುಮ ಒರೆಸಿದೆ. ಪೂಜೆಯ ಕುಂಕುಮ ಒರೆಸಬಾರದೆಂಬ ನೇಮ ಆಗ ನೆನಪಾಗಲಿಲ್ಲ. ಅಡಿಯಲ್ಲಿ '1:50' ಇತ್ತು. ತಲೆ ಎತ್ತಿದರೆ ಬಾಗಿಲ ಬಳಿ ಶರಣಪ್ಪ ನಿಂತಿದ್ದ, ಕ್ಲಿನಿಕ್ಕಿಗೆ ಹೊರಟವನು ತನ್ನ ಚೀಲಕ್ಕೆಂದು ತಿರುಗಿ ಬಂದಿರಬೇಕು. ನಾನು ಸ್ಕೇಲನ್ನು ನನ್ನ ಚೀಲಕ್ಕೆ ತುರುಕಿದೆ. ಅವನು ಏನೂ ನೋಡಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಅತಿಥಿಗಳು ಬಂದು ಹೋದ ಮೇಲೆ, ಸಂಜೆ ನಾಲ್ಕಕ್ಕೆ ನಮ್ಮ ಮಾಲೀಕರು ಬಂದರು. ಮುಖ್ಯಸ್ಥರ ಕೋಣೆಯಲ್ಲಿ ನಾವು ಮೂವರು ಕೂತೆವು. ಶರಣಪ್ಪ ಕೈಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದು ಗೋಡೆಗೆ ನಿಂತಿದ್ದ. ಮುಖ್ಯಸ್ಥರು ಕೂಗಾಡಲಿಲ್ಲ. ಹೇಗಾಯಿತು ಎಂದಷ್ಟೇ ಕೇಳಿದರು. ಮಾಲೀಕರು ನನ್ನ ಕಡೆ ತಿರುಗಿ, ಬಡಿಗೇರ್ ಸಾಬರ ಅಳತೆಯಂತೂ ತಪ್ಪಲು ಸಾಧ್ಯವಿಲ್ಲ ಎಂದರು. ಅದೇ ಹಳೆಯ ಮಾತು. ಈ ಸಲ ನಾನು ಕೈ ಆಡಿಸಲಿಲ್ಲ.

ಅಲ್ಲಿಯವರೆಗೆ ಮಾತು ಹಿಂದಿಯಲ್ಲಿ ನಡೆದಿತ್ತು. ನಾನು ಇಂಗ್ಲಿಷಿಗೆ ಹೊರಳಿದೆ. ಅಳತೆ ಸರಿಯಾಗಿಯೇ ಕೊಟ್ಟಿದ್ದೆ, ಪಟ್ಟಿ ಕತ್ತರಿಸಿದ್ದು ನಮ್ಮ ಬಡಗಿ ಶರಣಪ್ಪ, ಹಬ್ಬದ ಗಡಿಬಿಡಿಯಲ್ಲಿ ಹೆಚ್ಚುಕಡಿಮೆಯಾಗಿದೆ ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದು ಯಾಕೆಂದು ಮುಚ್ಚಿಡುವುದಿಲ್ಲ. ಅವನಿಗೆ ತಿಳಿಯಬಾರದೆಂದೇ ಹೇಳಿದ್ದು. ಇಷ್ಟು ವರ್ಷದ ಮೇಲೆ ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮಾಲೀಕರು ಅವನನ್ನು ಹಿಂದಿಯಲ್ಲಿ ಕೇಳಿದರು: "ಕ್ಯಾ ಹುವಾ ರೇ?"

ಶರಣಪ್ಪ ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದನೆಂದು ನನಗೆ ಅನ್ನಿಸಿತು, ನಿಜಕ್ಕೂ ಎರಡು ಉಸಿರಿನಷ್ಟು ಇರಬೇಕು. ಆಮೇಲೆ ನೆಲ ನೋಡುತ್ತ, "ನಾಪ್ ಗಲತ್ ಹೋ ಗಯಾ ಸಾಬ್" ಎಂದ. ಅಳತೆ ತಪ್ಪಿತು ಎಂದನೇ ಹೊರತು ಯಾರ ಅಳತೆ ಎನ್ನಲಿಲ್ಲ. ಮಾಲೀಕರು ನಾಳೆಯಿಂದ ಬರಬೇಡ ಎಂದರು. ಅವನು ಎಡಗೈಯಲ್ಲಿ ಚೀಲ ಎತ್ತಿಕೊಂಡು ಹೋದ. ಆ ಭಾರದ ಚೀಲವನ್ನು ಕೆಳಗಿನವರೆಗೆ ಹೊತ್ತು ಕೊಡುವಷ್ಟೂ ನಾನು ಎದ್ದು ಹೋಗಲಿಲ್ಲ.

ಆಮೇಲಿನ ಒಂದು ವರ್ಷದ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ದಿನಾ ಕೆಲಸಕ್ಕೆ ಹೋಗಿ ಬಂದೆ. ಶರಣಪ್ಪ ಯಾಕೆ ಬರುತ್ತಿಲ್ಲ ಎಂದು ಹೆಂಡತಿ ಕೇಳಿದಾಗ ಊರಿಗೆ ಹೋಗಿದ್ದಾನೆ ಎಂದೆ. ಅವಳು ಅವನ ಮಕ್ಕಳಿಗೆಂದು ತೆಗೆದಿಟ್ಟಿದ್ದ ಹಳೆಯ ಸ್ವೆಟರುಗಳು ಕಪಾಟಿನಲ್ಲೇ ಉಳಿದವು. ಅಡ್ಡಾ ಇರುವ ರಸ್ತೆ ಬಿಟ್ಟು ಸುತ್ತಿ ಬಳಸಿ ಬಸ್ಸು ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಮುಂದಿನ ಆಯುಧಪೂಜೆಗೆ ಅವಳು ಕೆಂಪು ಬಟ್ಟೆ ಹಾಸಿ, ನನ್ನ ಸಾಮಾನನ್ನು ಮಣೆಯ ಒಂದೇ ಕಡೆಗೆ ಜೋಡಿಸಿ, ಇನ್ನೊಂದು ಕಡೆಯನ್ನು ಖಾಲಿ ಬಿಟ್ಟಳು. "ಊರಿಂದ ಬಂದಿದ್ರ ಇವತ್ತ ಬರ್ತಾನು" ಎಂದಳು. ಮಂಗಳಾರತಿಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದೆಂದು ಹೇಳಿದೆ. ಇಂಗ್ಲಿಷಿನ ವಿಷಯ ಹೇಳಲಿಲ್ಲ. ಅವಳು ಬೈಯಲಿಲ್ಲ, ಆ ಖಾಲಿ ಜಾಗಕ್ಕೂ ನಾಲ್ಕು ಹೂವು ಇಟ್ಟು ಒಳಗೆ ಹೋದಳು.

ಹಬ್ಬ ಮುಗಿದ ಮೇಲೆ ಅಡ್ಡಾದಲ್ಲಿ ವಿಚಾರಿಸಿದೆ. ಅವನು ಮಣಿಕೊಂಡದ ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಇದ್ದಾನೆಂದು ತಿಳಿಯಿತು. ಹೋಗಿ ನೋಡಿದರೆ ಸೆಂಟ್ರಿಂಗ್ ಕೆಲಸ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಒರಟು ಹಲಗೆ ಹೊಡೆದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಿತ್ತುಹಾಕುವ ಕೆಲಸ ಅದು. ಕಾಗದ ತೂರದಂತೆ ಮೂಲೆ ಜೋಡಿಸುತ್ತಿದ್ದವನು ಸಿಮೆಂಟ್ ಮೆತ್ತಿದ ಹಲಗೆಗೆ ಎಡಗೈಯಿಂದ ಮೊಳೆ ಬಡಿಯುತ್ತಿದ್ದ. ನನ್ನನ್ನು ಕಂಡು ಕೆಳಗಿಳಿದು ಬಂದ. ಅಕ್ಕಾರು ಹೇಗಿದ್ದಾರೆ ಎಂದು ಮೊದಲು ಕೇಳಿದ.

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. "ಶರಣಪ್ಪ, ಸ್ಕೇಲ್ ತಪ್ಪಿತ್ತು. ನಂದ ತಪ್ಪು" ಎಂದಷ್ಟೇ ಅಂದೆ.

"ಗೊತ್ತೈತ್ರಿ."

"ಯಾವಾಗ ಗೊತ್ತಾತು?"

"ನೀವು ಕುಂಕುಮ ಒರಸಾಕತ್ತಿದ್ದಾಗ ಬಾಗಲದಾಗ ನಿಂತಿದ್ದೆನಲ್ರಿ." ಅವನು ಕೈಯ ಸಿಮೆಂಟ್ ಉದುರಿಸಿದ. "ದೊಡ್ಡ ಸಾಹೇಬ್ರ ಖೋಲಿಯೊಳಗ ನೀವು ಇಂಗ್ಲೀಷಿನಾಗ ಮಾತಾಡಿದ್ರಿ. ನನಗ ನನ್ನ ಹೆಸರ ಒಂದ ತಿಳೀತು. ಉಳಿದದ್ದು ನಿಮ್ಮ ಮಾರಿ ನೋಡಿ ತಿಳೀತ್ರಿ. ಆದ್ರೂ ಈಗ ಹೇಳ್ತಾರ, ಈಗ ಹೇಳ್ತಾರ ಅಂತ ಕಾಯ್ಕೋತ ನಿಂತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಂಥ ಪ್ರಶ್ನೆ! ಅವನು ಸ್ವಲ್ಪ ನಕ್ಕು, "ನಿಮ್ಮನ್ಯಾಗ ಉಂಡೀನಲ್ರಿ" ಎಂದ. ಮತ್ತೆ, "ಹೇಳಿದ್ರ ಯಾರು ನಂಬತಿದ್ರು?" ಎಂದೂ ಸೇರಿಸಿದ.

ಈಗ ಹೋಗಿ ಮಾಲೀಕರಿಗೆ ಎಲ್ಲ ಹೇಳುತ್ತೇನೆ ಎಂದೆ. ಅವನು ತುಸು ಯೋಚಿಸಿ ಒಂದೇ ಮಾತು ಹೇಳಿದ:

"ಹೇಳ್ರಿ. ಆದ್ರ ನನ್ನ ಮುಂದ ಹೇಳ್ರಿ. ನನಗ ತಿಳಿಯೂ ಮಾತಿನಾಗ ಹೇಳ್ರಿ."

ಮರುದಿನ ಇಬ್ಬರೂ ಮಾಧಾಪುರಕ್ಕೆ ಹೋದೆವು. ಅವನು ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡು ಬಂದಿದ್ದ. ಮಾಲೀಕರು ಫೋನಿನಲ್ಲಿದ್ದರು, ಕೂರಲು ಸನ್ನೆ ಮಾಡಿದರು. ಶರಣಪ್ಪ ಕೂರಲಿಲ್ಲ, ನಾನೂ ನಿಂತೆ. ಫೋನ್ ಇಟ್ಟ ಮೇಲೆ ನಾನು ಹಿಂದಿಯಲ್ಲಿ ಎಲ್ಲ ಹೇಳಿದೆ: ಎರಡು ಸ್ಕೇಲು, ಕುಂಕುಮ, ಗೆರೆ ಹಾಕಿದ್ದು ನಾನು, ಅವನು ಎರಡು ಸಲ ಎಚ್ಚರಿಸಿದ್ದು, ನಾನು ಗದರಿದ್ದು, ಆಮೇಲೆ ಅವನ ಹೆಸರು ಹೇಳಿದ್ದು. ಮಾಲೀಕರು ಎಲ್ಲ ಕೇಳಿ, ಯಾವ ಪೆಟ್ಟಿಗೆ ಎಂದು ನೆನಪು ಮಾಡಿಕೊಂಡರು. ಅರೆ ಬಡಿಗೇರ್ ಸಾಬ್, ಅದನ್ನು ಆಗಲೇ ಹೊರಗೆ ಹಾಕಿ ಹೊಸ ಟಿ.ವಿ. ಇಟ್ಟಾಯಿತು, ಅದನ್ನೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದು ನಕ್ಕರು. ಆಮೇಲೆ ನನ್ನ ಪಕ್ಕ ನಿಂತವನನ್ನು ತೋರಿಸಿ ಕೇಳಿದರು:

"ಔರ್ ಯೇ ಕೌನ್ ಹೈ?"

ಇವನು ಯಾರು ಎಂದು! ಯಾವ ಹೆಸರನ್ನು ಕೆಡಿಸಿ ನನ್ನ ಹೆಸರನ್ನು ಉಳಿಸಿಕೊಂಡಿದ್ದೆನೋ, ಆ ಹೆಸರು ಅಲ್ಲಿ ಯಾರಿಗೂ ನೆನಪೇ ಇರಲಿಲ್ಲ. ಅವನೇ ಒಂದು ಹೆಜ್ಜೆ ಮುಂದೆ ಬಂದು, "ಶರಣಪ್ಪ, ಸಾಬ್. ಕಾರ್ಪೆಂಟರ್" ಎಂದ.

ಮಾಲೀಕರು ಕೆಟ್ಟವರಲ್ಲ. ತಪ್ಪಾಯಿತು, ಸೋಮವಾರದಿಂದ ಬಾ ಎಂದರು. ಶರಣಪ್ಪ ಬಲ ಅಂಗೈ ತೆರೆದು ತೋರಿಸಿದ. ಗಾಯ ಮಾಯ್ದಿತ್ತು, ಆದರೆ ನಡುವಿನ ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಉಳಿ ಹಿಡಿಯಲು ಆಗುವುದಿಲ್ಲ ಸಾಬ್ ಎಂದು ಹಿಂದಿಯಲ್ಲೇ ಹೇಳಿ ಕೈ ಮುಗಿದ. ಆ ಬೆರಳುಗಳನ್ನು ನಾನು ಮೊದಲ ಸಲ ಆಗ ನೋಡಿದೆ. ಹಿಂದಿನ ದಿನ ಅವನು ಎಡಗೈಯಿಂದ ಮೊಳೆ ಬಡಿಯುತ್ತಿದ್ದುದು ಯಾಕೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಕೆಳಗೆ ಬಂದ ಮೇಲೆ ಚಹಾ ಕುಡಿಯೋಣ ಬಾ ಎಂದು ಕರೆದೆ. ಕೆಲಸಕ್ಕೆ ಹೊತ್ತಾಯಿತು ಎಂದ. ಮುಂದಿನ ವರ್ಷ ಪೂಜೆಗೆ ಬಾ ಎಂದೆ.

"ಬರ್ತೀನ್ರಿ" ಎಂದ. "ಹೇಳಿದ್ರಲ್ಲ, ಆತು ಬಿಡ್ರಿ ಸರ."

ಅವನು ಬರಲಿಲ್ಲ. ಮತ್ತೆರಡು ವರ್ಷಕ್ಕೆ ನಾನೂ ಆ ಕೆಲಸ ಬಿಟ್ಟೆ. ಅಷ್ಟರಲ್ಲಿ ಅವನ ಕುಟುಂಬ ಪಟಾನ್‌ಚೆರು ಕಡೆಗೆ ಹೋಯಿತೆಂದು ಅಡ್ಡಾದಲ್ಲಿ ಯಾರೋ ಹೇಳಿದರು. ಸ್ವೆಟರುಗಳನ್ನು ಹೆಂಡತಿ ಬೇರೆ ಯಾರಿಗೋ ಕೊಟ್ಟಳು. ಶೋಕೇಸಿನ ಸ್ಕೇಲನ್ನು ನಾನು ಅಲ್ಲಿಂದ ತೆಗೆದೆ.

ನನ್ನ ವೃತ್ತಿ ನನಗೆ ಕಲಿಸಿದ ಪಾಠ ಮೊದಲ ದಿನದಿಂದಲೂ ನನ್ನ ಕೈಯಲ್ಲೇ ಇತ್ತು. ಗೆರೆ ಹಾಕಿದವನು ತನ್ನ ನಂಬರು ಹೊಡೆಯಬೇಕು. ಕಾರ್ಖಾನೆಯಲ್ಲಿ ಅದನ್ನು ಕೇಳುವ ಇನ್‌ಸ್ಪೆಕ್ಟರ್ ಇದ್ದ, ನಾನು ಹೊಡೆದೆ. ಹೊರಗೆ ಕೇಳುವವರಿರಲಿಲ್ಲ, ನಾನು ಹೊಡೆಯಲಿಲ್ಲ. ಹಾಗಾದರೆ ಇಪ್ಪತ್ತೊಂಬತ್ತು ವರ್ಷ ನಾನು ನಂಬರು ಹೊಡೆದದ್ದು ಪ್ರಾಮಾಣಿಕತೆಯಿಂದಲೋ, ಇನ್‌ಸ್ಪೆಕ್ಟರ್‌ನ ಭಯದಿಂದಲೋ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು, ಅದಕ್ಕೇ ನಾಚಿಕೆ. ಆ ಘಟನೆಯ ನಂತರ ಮಾಡಿಸಿದ ಪ್ರತಿ ಕೆಲಸದಲ್ಲೂ ಮರದ ಒಳಮಗ್ಗುಲಿಗೆ ಪೆನ್ಸಿಲಿನಿಂದ ಹದಿನೇಳು ಎಂದು ಬರೆದೇ ಕತ್ತರಿಸಲು ಕೊಟ್ಟಿದ್ದೇನೆ. ಆ ಪೆಟ್ಟಿಗೆ ಯಾವ ಗುಜರಿಯಲ್ಲಿ ಕೊಳೆಯಿತೋ ತಿಳಿಯದು. ಅದರ ಅಡ್ಡಪಟ್ಟಿಗೆ ಹೊಡೆಯದೆ ಬಿಟ್ಟ ನಂಬರನ್ನು ಇಲ್ಲಿ ಹೊಡೆಯುತ್ತಿದ್ದೇನೆ, ಶರಣಪ್ಪನಿಗೆ ತಿಳಿಯುವ ಮಾತಿನಲ್ಲಿ. ಅಗಲ 632. ಗೆರೆ ಹಾಕಿದವನು ಹದಿನೇಳು.